ಕೂಗು ಬಿದ್ದ ಮೇಲೆ

ವೇದ ಸುಳ್ಳಾದರೂ ಕೂಗು ಸುಳ್ಳಾಗದು. ಗಾದೆ ಹೀಗಲ್ಲ ಎಂದು ನನ್ನ ಕನ್ನಡ ಮೇಷ್ಟ್ರು ಈಗಾಗಲೇ ಕೋಲು ಹುಡುಕುತ್ತಿರಬಹುದು. ಹುಡುಕಲಿ. ಗಾದೆಯನ್ನು ಮಾತ್ರ ನಾನು ತಿರುಚಿದ್ದು, ಕತೆಯನ್ನಲ್ಲ. ಇದು ಕಾಪುವಿನ ಕಡಲಕರೆಯಲ್ಲಿ, ದೀಪಸ್ತಂಭದಿಂದ ಸ್ವಲ್ಪ ತೆಂಕಕ್ಕೆ, ಕಳೆದ ಮಳೆಗಾಲ ಮುಗಿದ ಮೇಲೆ ನಡೆದದ್ದು. ನಾವೆಲ್ಲ ಮಾತಾಡಿದ್ದು ತುಳುವಿನಲ್ಲಿ. ನಿಮಗೋಸ್ಕರ ಅದಕ್ಕೆ ಕನ್ನಡದ ಅಂಗಿ ಹಾಕಿಸಿದ್ದೇನೆ. ತೋಳು ಅಲ್ಲಲ್ಲಿ ಗಿಡ್ಡ ಆದರೆ ಸುಧಾರಿಸಿಕೊಳ್ಳಿ.

ನಮ್ಮದು ಕೈರಂಪಣಿ. ಅಂದರೆ ದಡದಿಂದ ಎಳೆಯುವ ದೊಡ್ಡ ಬಲೆ. ಒಂದು ದೋಣಿ ಬಲೆಯನ್ನು ಅರ್ಧಚಂದ್ರದ ಹಾಗೆ ನೀರಿಗೆ ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳನ್ನು ಊರಿನವರು ಎರಡು ಸಾಲಾಗಿ ನಿಂತು ಎಳೆಯುತ್ತಾರೆ. ಎಳೆದವರಿಗೆಲ್ಲ ಪಾಲು. ಈ ಗುಂಪನ್ನು ಫಂಡು ಎನ್ನುತ್ತೇವೆ. ಫಂಡು ಅಂದ ಕೂಡಲೇ ದುಡ್ಡು ಉಂಟು ಎಂದು ಎದ್ದು ಕೂರಬೇಡಿ. ನಮ್ಮ ಫಂಡಿನಲ್ಲಿ ಜನ ಮಾತ್ರ ಉಂಟು.

ಬಲೆ ಯಾವಾಗ ಹಾಕಬೇಕು ಎಂದು ಹೇಳುವವರು ಒಬ್ಬರೇ, ಚೆನ್ನಪ್ಪಣ್ಣ. ಕರಿಬಂಡೆಯ ಮೇಲೆ ಕೂತು ಕಡಲನ್ನು ನೋಡುತ್ತಿರುವುದು, ಹಿಂಡು ಕಂಡರೆ ಎದ್ದು ನಿಂತು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, "ಬಲೇ... ಓ ಬಲೇ..." ಎಂದು ಕೂಗುವುದು. ತುಳುವಿನಲ್ಲಿ ಬಲೆ ಅಂದರೆ ಬನ್ನಿ ಎಂದೂ ಆಗುತ್ತದೆ, ಬಲೆಯೂ ಆಗುತ್ತದೆ. ಇಷ್ಟು ಉಳಿತಾಯದ ಭಾಷೆಯನ್ನು ಇಟ್ಟುಕೊಂಡೂ ನಾವು ಯಾಕೆ ಶ್ರೀಮಂತರಾಗಲಿಲ್ಲವೋ ಗೊತ್ತಿಲ್ಲ.

ಕೂಗಿಗೆ ಒಂದು ಕಟ್ಟಳೆ ಉಂಟು. ಕೂಗು ಬಿದ್ದ ಮೇಲೆ ಬಲೆ ಬೀಳಲೇಬೇಕು. ಊಟಕ್ಕೆ ಕೂತಿದ್ದರೂ ಏಳಬೇಕು, ಕ್ಷೌರ ಅರ್ಧಕ್ಕೆ ನಿಂತಿದ್ದರೂ ಏಳಬೇಕು. ಕೂಗಿದವನೇ, "ತಪ್ಪಾಯಿತು, ಮೋಡದ ನೆರಳು ನೋಡಿ ಕೂಗಿದೆ" ಎಂದರೂ ದೋಣಿ ಹಿಂದೆ ಬರುವ ಹಾಗಿಲ್ಲ. ಕರೆದು ಬಲೆ ಹಾಕದಿದ್ದರೆ ಕಡಲಿಗೆ 'ನಿನ್ನದು ನಮಗೆ ಬೇಡ' ಎಂದು ಹೇಳಿದ ಹಾಗೆ. ಒಮ್ಮೆ ಹಾಗೆ ಕೇಳಿಸಿಕೊಂಡರೆ ಅದು ಮತ್ತೆ ಕೊಡುವುದಿಲ್ಲ ಎಂದು ಹಿರಿಯರ ನಂಬಿಕೆ. ಆದ್ದರಿಂದ ಯಾರೆಂದರೆ ಅವರು ಕೂಗುವಂತಿಲ್ಲ. ಚೆನ್ನಪ್ಪಣ್ಣನಿಗೆ ಆ ಬಂಡೆ ಸೋದರಮಾವನಿಂದ ಬಂದದ್ದು. ಮಾವನಿಗೆ ಅವರ ಮಾವನಿಂದ. ಮನೆ, ಗದ್ದೆ ಯಾವುದೂ ಆ ಕುಟುಂಬದಲ್ಲಿ ಅಳಿಯನ ಕೈಗೆ ಬರುವಷ್ಟು ಉಳಿದಿರಲಿಲ್ಲ, ಬಂಡೆ ಮಾತ್ರ ಉಳಿದಿತ್ತು. ಮಾರಲಿಕ್ಕೆ ಅದಕ್ಕೆ ಪಟ್ಟಾ ಇಲ್ಲವಲ್ಲ.

ಕೂಗುವವನು ನೀರಿನ ಒಳಗಿನ ಮೀನನ್ನು ನೋಡುವುದಿಲ್ಲ, ಮೀನಿನ ಗುರುತನ್ನು ನೋಡುತ್ತಾನೆ. ಕಡಲ ಹಕ್ಕಿಗಳು ಒಂದೇ ಜಾಗದ ಮೇಲೆ ಸುತ್ತು ಹೊಡೆದು ಹೊಡೆದು ಇಳಿಯುತ್ತವೆ. ಅಲ್ಲಿ ತೆರೆಯ ಸುಕ್ಕು ಮಾಯವಾಗಿ, ತಲೆಗೆ ಎಣ್ಣೆ ಹಾಕಿ ಬಾಚಿದ ಹಾಗೆ ಒಂದು ನಯವಾದ ತೇಪೆ ಕಾಣುತ್ತದೆ. ಗಾಳಿ ಈಚೆ ತಿರುಗಿದರೆ ಹಸಿ ಮೀನೆಣ್ಣೆಯ ವಾಸನೆ. ಬೂತಾಯಿ, ಬಂಗುಡೆಯಂಥ ಕೊಬ್ಬಿದ ಮೀನು ಹಿಂಡುಗಟ್ಟಿ ಬಂದರೆ ಈ ಮೂರೂ ಒಟ್ಟಿಗೆ ಬರುತ್ತವೆ. ಮೂರೂ ಒಟ್ಟಿಗೆ ಬಂದರೆ ಚೆನ್ನಪ್ಪಣ್ಣ ಎದ್ದು ನಿಲ್ಲುತ್ತಿದ್ದರು.

ಕಳೆದ ವರ್ಷ ಮಳೆ ಬಿಟ್ಟ ಮೇಲಿನ ಮೊದಲ ಕೂಗಿಗೆ ನಾನೂ ಓಡಿದ್ದೆ. ಕಾರ್ಕಳದಲ್ಲಿ ಕಾಲೇಜು ಮುಗಿಸಿ, ವಿಜ್ಞಾನದ ಪದವಿಯನ್ನು ಗೋಡೆಗೆ ನೇತುಹಾಕಿ, ಕಬಡ್ಡಿ ಪಂದ್ಯಗಳಲ್ಲಿ ಮೈಕ್ ಹಿಡಿದು ಬದುಕುವವನು ನಾನು, ಲಕ್ಷಿತ್. ಮಣಿಪಾಲದ ಬಸ್ಸಿನ ಕಂಡಕ್ಟರನಿಂದ ಹಿಡಿದು ಕೆಟ್ಟುಹೋದ ದೋಣಿ ಎಂಜಿನ್ನಿನವರೆಗೆ ಎಲ್ಲರ ಸ್ವರವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಉಂಟು. ಆದರೆ ಹಗ್ಗ ಎಳೆಯುವಾಗ ಎಲ್ಲರೂ ಮಾಡುವುದು ಒಂದೇ ಸದ್ದು. ಆ ದಿನ ಹಗ್ಗ ಹಗುರವಾಗಿತ್ತು. ಬಲೆಯ ಹೊಟ್ಟೆ ಮರಳಿಗೆ ಬಂದಾಗ ಅದರಲ್ಲಿ ಇದ್ದದ್ದು ಬೂದು ಬಣ್ಣದ ನೊರೆ, ಹಾಲಿನ ಪ್ಯಾಕೆಟ್ಟುಗಳು, ಒಂದು ಮಗುವಿನ ಚಡ್ಡಿ, ಮತ್ತೆ ಲೋಳೆ. ಬಲೆಯ ಕಣ್ಣುಗಳನ್ನೆಲ್ಲ ಜಿಡ್ಡು ಮುಚ್ಚಿತ್ತು.

"ಹಕ್ಕಿ ಇತ್ತು," ಎಂದರು ಚೆನ್ನಪ್ಪಣ್ಣ. "ನೀರು ನಯ ಇತ್ತು. ವಾಸನೆ ನಿಮಗೂ ಬಂತಲ್ಲ?"

ಬಂದಿತ್ತು. ಈಗಲೂ ಬರುತ್ತಿತ್ತು, ನಮ್ಮ ಕೈಯಿಂದಲೇ.

"ಹೋಗಲಿ ಬಿಡಿ," ಎಂದ ಧನರಾಜ್. ಅವನು ಫಂಡಿನ ಮುಖ್ಯಸ್ಥ, ಗುರಿಕಾರ. ವಯಸ್ಸಿನಲ್ಲಿ ಚೆನ್ನಪ್ಪಣ್ಣನಿಗಿಂತ ಎಷ್ಟೋ ಚಿಕ್ಕವನು, ಸಿಟ್ಟಿನಲ್ಲಿ ಹಿರಿಯ. "ಹಿಂಡು ತಪ್ಪಿಸಿಕೊಂಡಿರಬೇಕು."

ಮುಂದಿನ ವಾರ ಮತ್ತೆ ಕೂಗು ಬಿತ್ತು. ಮತ್ತೆ ನೊರೆ, ಮತ್ತೆ ಜಿಡ್ಡು. ಈ ಸಲ ಒಂದು ಕಡಲಾಮೆ ಇತ್ತು, ಸತ್ತು ದಿನಗಳಾಗಿದ್ದದ್ದು. ಅದನ್ನು ಮರಳಿನಲ್ಲಿ ಹೂತೆವು.

ಮೀನು ಎಲ್ಲಿ ತಪ್ಪಿಸಿಕೊಳ್ಳುತ್ತಿದೆ ಎಂದು ತಿಳಿದದ್ದು ಚೆನ್ನಪ್ಪಣ್ಣನ ಅಂಗಳದಲ್ಲಿ. ಅವರ ಹೆಂಡತಿ ರತ್ನಾವತಿಯಕ್ಕ ಬಲೆಯ ಒಂದು ತುಂಡನ್ನು ಕಲ್ಲಿನ ಮೇಲೆ ಹರಡಿ, ಸಾಬೂನು ಹುಡಿ ಹಾಕಿ ತಿಕ್ಕುತ್ತಿದ್ದರು. ಜಿಡ್ಡು ಬಿಡುತ್ತಿರಲಿಲ್ಲ. ಮಗಳು ಸೌಮ್ಯಶ್ರೀ ಮಣಿಪಾಲದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಬಲೆ ಬಿದ್ದ ಜಾಗದ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿದ್ದವಳು ಅಂದು ಸಂಜೆ ಬಸ್ಸಿಳಿದು ಬಂದು ಅಪ್ಪನ ಎದುರು ಕೂತಳು.

"ಅಪ್ಪ, ನೀವು ನೋಡಿದ್ದು ಮೀನೇ," ಎಂದಳು. "ಆದರೆ ಅರೆದ ಮೀನು."

ತೆಂಕಕ್ಕೆ, ತೆಂಗಿನ ತೋಟದ ಹಿಂದೆ, ಎರಡು ವರ್ಷಗಳ ಹಿಂದೆ ಒಂದು ಮೀನುಹುಡಿ ಕಾರ್ಖಾನೆ ಬಂದಿತ್ತು. ಕೋಳಿಗೂ ಸಿಗಡಿಗೂ ತಿನ್ನಿಸುವ ಹುಡಿ ಮಾಡುವಂಥದ್ದು. ಪೇಟೆಯಲ್ಲಿ ಮಾರಿಹೋಗದ ಮೀನು, ಇನ್ನೂ ಮೊಟ್ಟೆ ಇಡದ ಬೆರಳುದ್ದದ ಮರಿ, ಏನು ಕೊಟ್ಟರೂ ಅದು ಬೇಡ ಎನ್ನುವುದಿಲ್ಲ. ಬೇಯಿಸಿ, ಹಿಂಡಿ, ಒಣಗಿಸಿ, ಹುಡಿಯನ್ನು ಚೀಲಕ್ಕೆ ತುಂಬಿಸುತ್ತದೆ. ಹಿಂಡಿದ ನೀರನ್ನು ಪೈಪಿನಲ್ಲಿ ಕಡಲಿಗೆ ಬಿಡುತ್ತದೆ. ಆ ನೀರಿನಲ್ಲಿ ಮೀನಿನ ಎಣ್ಣೆ ಉಂಟು, ರಕ್ತ ಉಂಟು, ಪುಡಿ ಮಾಂಸ ಉಂಟು. ಎಣ್ಣೆ ತೆರೆಯನ್ನು ನಯ ಮಾಡುತ್ತದೆ. ಮಾಂಸಕ್ಕೆ ಹಕ್ಕಿ ಬರುತ್ತದೆ. ವಾಸನೆ ಬೇರೆ ಹೇಳಬೇಕಾಗಿಲ್ಲ.

ನಾನು ಇಷ್ಟು ವರ್ಷ ಜನರ ಸ್ವರ ತೆಗೆದು ಚಪ್ಪಾಳೆ ಗಿಟ್ಟಿಸಿದವನು. ಒಂದು ಪೈಪು ಬಂಗುಡೆ ಹಿಂಡನ್ನು ಇಷ್ಟು ಚಂದ ಮಿಮಿಕ್ರಿ ಮಾಡುವುದನ್ನು ಕೇಳಿ ನನಗೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಹಾಗೆಂದು ಹೇಳಿಯೂ ಬಿಟ್ಟೆ. ರತ್ನಾವತಿಯಕ್ಕ ಸಾಬೂನಿನ ಕೈಯಲ್ಲೇ ನನ್ನ ಬೆನ್ನಿಗೆ ಒಂದು ಕೊಟ್ಟರು.

"ನಿನಗೆ ಎಲ್ಲವೂ ತಮಾಷೆ."

"ಇನ್ನೊಂದುಂಟು," ಎಂದಳು ಸೌಮ್ಯಶ್ರೀ. "ಆ ಬಾಟಲಿಯ ನೀರಿನಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನಬಹುದು. ಆ ಕೊಳಕು ಕೆಳಗೆ ಹೋಗಿ ಕೊಳೆಯುತ್ತದಲ್ಲ, ಕೊಳೆಯುವಾಗ ನೀರಿನ ಉಸಿರನ್ನೆಲ್ಲ ತಿಂದುಬಿಡುತ್ತದೆ. ಅಲ್ಲಿ ಮೀನು ನಿಲ್ಲಲಿಕ್ಕೇ ಆಗುವುದಿಲ್ಲ ಅಪ್ಪ."

ಚೆನ್ನಪ್ಪಣ್ಣ ಬಲೆಯ ತುಂಡನ್ನು ಎತ್ತಿ ಮೂಸಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಹಾಗಾದರೆ ನಿಜವಾದ ಹಿಂಡಿಗೂ ಅರೆದದ್ದಕ್ಕೂ ಗುರುತು ಹಿಡಿಯುವುದು ಹೇಗೆ?"

"ಹಕ್ಕಿಗಳಿಗೇ ಗೊತ್ತಾಗುವುದಿಲ್ಲ," ಎಂದಳು ಮಗಳು.

ನಾವು ದೂರು ಕೊಡದೆ ಬಿಡಲಿಲ್ಲ. ಉಡುಪಿಯಿಂದ ಒಬ್ಬ ಅಧಿಕಾರಿ ಬಂದರು. ಅವರು ಬಂದ ದಿನ ಪೈಪು ಒಳ್ಳೆಯ ವಿದ್ಯಾರ್ಥಿಯ ಹಾಗೆ ಬಾಯಿ ಮುಚ್ಚಿ ಕೂತಿತ್ತು. ಅವರು ಮರಳಿನ ಮೇಲೆ ಬೂಟು ಹಾಳಾಗದಂತೆ ನಡೆದು, ಕಡಲನ್ನು ನೋಡಿ, "ನೀರು ಚೆನ್ನಾಗಿಯೇ ಇದೆಯಲ್ಲ" ಎಂದರು. ಅವರು ಹೋದ ಮೇಲೆ ನಾನು ಅದೇ ಸ್ವರದಲ್ಲಿ, ಅದೇ ನಡಿಗೆಯಲ್ಲಿ ಮಾಡಿ ತೋರಿಸಿದೆ. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಮಾಡಲಿಕ್ಕೆ ಬೇರೆ ಏನೂ ಇರಲಿಲ್ಲ. ಮೀನ ಮೇಷ ಎಣಿಸುತ್ತ ಕೂತೆವು. ಮೀನ ಇರಲಿಲ್ಲ, ಮೇಷಗಳು ನಾವು ಮಾತ್ರ.

ಮೂರನೆಯ ಕೂಗು ಬಿದ್ದದ್ದು ಒಂದು ಭಾನುವಾರ. ಉದ್ಯಾವರದಿಂದ, ಎಲ್ಲೂರಿನಿಂದ ನೆಂಟರು ಬಂದಿದ್ದರು, ಅವರೂ ಹಗ್ಗಕ್ಕೆ ಕೈ ಹಾಕಿದರು. ಬಲೆಯಲ್ಲಿ ಬಂದ ಜಿಡ್ಡಿಗೆ ಬೆರಳಿನ ಸಂದಿಯೆಲ್ಲ ತುರಿಸಿ ಕೆಂಪಾಯಿತು. ನೆಂಟರ ಎದುರು ಧನರಾಜನ ಮುಖ ಕಪ್ಪಿಟ್ಟಿತು. ಅವರೆಲ್ಲ ಹೋದ ಮೇಲೆ ಬಂಡೆಯ ಬುಡಕ್ಕೆ ಹೋದ.

"ಚೆನ್ನಪ್ಪಣ್ಣ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ."

"ಸಿಟ್ಟಿದ್ದರೆ ಹೇಳು ಮಾರಾಯ, ಅದು ನಿನ್ನ ಮುಖದಲ್ಲೇ ಉಂಟಲ್ಲ."

"ಜನ ಬರುವುದಿಲ್ಲ ಅನ್ನುತ್ತಾರೆ. ಕೂಗು ಕೇಳಿದರೂ ಕೇಳದ ಹಾಗೆ ಮಲಗುತ್ತೇವೆ ಅನ್ನುತ್ತಾರೆ. ಅಷ್ಟಾದರೆ ಮತ್ತೆ ಫಂಡು ಎಂತದು? ಇನ್ನೊಂದು ಕೂಗಿಗೆ ಬಲೆ ಖಾಲಿ ಬಂದರೆ ಬಂಡೆಯೂ ಖಾಲಿ ಆಗಬೇಕು. ನಾವು ಒಂದು ಡ್ರೋನ್ ತರಿಸುತ್ತೇವೆ."

"ಆಗಲಿ," ಎಂದರು ಚೆನ್ನಪ್ಪಣ್ಣ.

ಅಷ್ಟೇ. ಅಂದಿನಿಂದ ಅವರು ಕೂಗುವುದನ್ನು ನಿಲ್ಲಿಸಿದರು. ಬೆಳಿಗ್ಗೆ ಬಂದು ಬಂಡೆಯ ಮೇಲೆ ಕೂರುತ್ತಿದ್ದರು. ಹಕ್ಕಿ ಸುತ್ತಿದರೆ ನೋಡುತ್ತಿದ್ದರು, ಅರ್ಧ ಏಳುತ್ತಿದ್ದರು, ಅಂಗೈ ಬಾಯಿಯವರೆಗೆ ಬರುತ್ತಿತ್ತು. ಮತ್ತೆ ಕೂರುತ್ತಿದ್ದರು. ಅದನ್ನು ದೂರದಿಂದ ನೋಡುವುದು ಬಹಳ ಕಷ್ಟ. ಸೀನು ಬಂದು ಬಂದು ನಿಂತುಹೋಗುವವರನ್ನು ನೋಡಿದ ಹಾಗೆ.

"ಮನೆಯಲ್ಲಿ ಊಟಕ್ಕೆ ಕರೆದರೂ ಎರಡು ಸಲ ಯೋಚಿಸುತ್ತಾರೆ," ಎಂದು ರತ್ನಾವತಿಯಕ್ಕ ನನ್ನ ಹತ್ತಿರ ಹೇಳಿದರು. "ನಿಜವಾಗಿ ಕರೆದದ್ದಾ ಅಂತ ಕೇಳ್ತಾರೆ. ಬೇರೆ ಯಾವ ಕೆಲಸವೂ ಅವರಿಗೆ ಬರುವುದಿಲ್ಲ ಮಗ. ಬಲೆ ಹೆಣೆಯಲಿಕ್ಕೂ ಸರಿಯಾಗಿ ಬರುವುದಿಲ್ಲ. ಬಂಡೆ ಬಿಡಿಸಿದರೆ ಅವರನ್ನು ನಾನು ಎಲ್ಲಿ ಅಂತ ಕೂರಿಸುವುದು?"

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ, ಗಂಜಿ ಊಟದ ಹೊತ್ತು, ನಾವು ಕೆಲವರು ಬಲೆಯ ಚಪ್ಪರದ ಕೆಳಗೆ ಸುಮ್ಮನೆ ಕೂತಿದ್ದೆವು. ಕಡಲು ಬೋಳಾಗಿತ್ತು. ಒಂದು ಹಕ್ಕಿ ಇಲ್ಲ, ನಯವಾದ ತೇಪೆ ಇಲ್ಲ, ಗಾಳಿಯಲ್ಲಿ ವಾಸನೆಯೂ ಇಲ್ಲ. ಪೈಪಿಗೆ ಅಂದು ರಜೆ ಇದ್ದಿರಬೇಕು. ಚೆನ್ನಪ್ಪಣ್ಣ ನಮಗೆ ಬೆನ್ನು ಹಾಕಿ ಬಂಡೆಯ ಮೇಲಿದ್ದರು.

"ಅವರದ್ದೊಂದು ಕೂಗು ಕೇಳದೆ ಕಿವಿಯಲ್ಲಿ ಹುಳ ಬಿದ್ದಿದೆ," ಎಂದ ವಿಠಲ. ಹಗ್ಗ ಎಳೆಯುವಾಗ ಎಡಸಾಲಿನಲ್ಲಿ ಮುಂದೆ ನಿಲ್ಲುವವನು ಅವನು. "ಲಕ್ಷಿತ್, ನೀನೇ ಹಾಕು ಮಾರಾಯ. ಅವರ ಹಾಗೆಯೇ."

"ಅವರಿಗೆ ಕೇಳಿದರೆ?"

"ಕೇಳಲಿಕ್ಕೇ ಹೇಳಿದ್ದು. ಹಾರಿ ಬೀಳ್ತಾರೆ. ನಮಗೆ ನಾಲ್ಕು ಬೈತಾರೆ. ಬೈದರೆ ಬಾಯಿ ಬಿಡುತ್ತದಲ್ಲ?"

ನನಗೆ ಅದು ವೈದ್ಯಕೀಯವಾಗಿ ಸರಿ ಎನಿಸಿತು. ಇನ್ನು ಕೂಗಿದರೂ ಬರುವುದಿಲ್ಲ ಎಂದು ಜನ ಹೇಗೂ ಹೇಳಿದ್ದರಲ್ಲ. ಮೆಲ್ಲಗೆ ಹೋಗಿ ಬಂಡೆಯ ಹಿಂದಿನ ಹಳೇ ದೋಣಿಯ ಮರೆಯಲ್ಲಿ ಕೂತೆ. ಚೆನ್ನಪ್ಪಣ್ಣನ ಕೂಗಿನ ಗುಟ್ಟು ಎಲ್ಲಿ ಉಂಟೆಂದರೆ, ಮೊದಲ 'ಬಲೇ'ಯನ್ನು ಅವರು ಎದೆಯಿಂದ ಎತ್ತುತ್ತಾರೆ. ಎರಡನೆಯದಕ್ಕೆ ಮುಂಚೆ ಒಂದು ಸಣ್ಣ ಒಡಕು ಬರುತ್ತದೆ, ತೆಂಗಿನ ಗೆರಟೆ ಸೀಳಿದ ಹಾಗೆ. ಆ ಒಡಕನ್ನು ಹಿಡಿದರೆ ಚೆನ್ನಪ್ಪಣ್ಣ ಸಿಕ್ಕಿದ ಹಾಗೆ. ಅಂಗೈ ಅಡ್ಡ ಹಿಡಿದು ಕೂಗಿದೆ.

ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಅದೊಂದೇ.

ಚೆನ್ನಪ್ಪಣ್ಣ ಹಾರಿ ಬೀಳಲಿಲ್ಲ. ತಮ್ಮ ಕೈಯನ್ನು ನೋಡಿಕೊಂಡರು. ಅದು ಮಡಿಲಲ್ಲಿತ್ತು. ಆಮೇಲೆ ತಮ್ಮ ಬಾಯಿಯನ್ನು ಮುಟ್ಟಿ ನೋಡಿಕೊಂಡರು. ಚಪ್ಪರದ ಕೆಳಗೆ ನಗು ಶುರುವಾಯಿತು. ಅಷ್ಟರಲ್ಲಿ ಓಣಿಗಳಿಂದ ಜನ ಬರಲಿಕ್ಕೆ ತೊಡಗಿದರು.

ಬರುವುದಿಲ್ಲ ಎಂದು ಹಠ ಹಿಡಿದವರೇ ಮೊದಲು ಬಂದರು. ಒಬ್ಬಳು ಒಗೆಯುವ ಬಟ್ಟೆಯ ನೊರೆಯನ್ನು ಮೊಣಕೈಯಲ್ಲಿ ಇಟ್ಟುಕೊಂಡೇ ಬಂದಳು. ಬಾಗಿಲು ಹಾಕದೆ ಅಂಗಡಿಯಿಂದ ಒಬ್ಬ ಬಂದ. ಧನರಾಜ್ ಗಂಜಿ ತಿನ್ನುತ್ತಿದ್ದ ಕೈಯನ್ನು ಲುಂಗಿಗೆ ಒರೆಸುತ್ತ ಓಡಿ ಬಂದ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ, ಆಸೆ ಇತ್ತು. ಅದನ್ನು ನೋಡಿ ನನಗೆ ಭಯವಾಯಿತು. ನಾನು ದೋಣಿಯ ಮರೆಯಿಂದ ಎದ್ದು ನಿಂತೆ.

"ಧನರಾಜಣ್ಣ, ಅದು ನಾನು. ತಮಾಷೆಗೆ."

ಅವನು ನನ್ನನ್ನು ನೋಡಿದ, ಬಂಡೆಯನ್ನು ನೋಡಿದ. ದೋಣಿಯವರು ಆಗಲೇ ದೋಣಿಗೆ ಭುಜ ಕೊಟ್ಟಾಗಿತ್ತು.

"ಕೂಗು ಬಿದ್ದಿದೆ," ಎಂದ.

"ಬಿದ್ದದ್ದು ನನ್ನ ಬಾಯಿಂದ."

"ಸ್ವರ ಯಾರದ್ದು? ಆ ಸ್ವರಕ್ಕೆ ಅಲ್ವಾ ಇಷ್ಟು ಜನ ಓಡಿ ಬಂದದ್ದು?" ಅವನು ಬಂಡೆಯ ಕಡೆ ತಿರುಗಿದ. "ಚೆನ್ನಪ್ಪಣ್ಣ, ಕೇಳಿ. ನಿಮ್ಮ ಕೂಗು ಎಂತ ಮದುವೆಯ ಸೋಬಾನೆಯಾ, ಸಿಕ್ಕಿದವನೆಲ್ಲ ಹಾಡಲಿಕ್ಕೆ? ನೀವು ಸುಮ್ಮನೆ ಕೂತರೆ ಹೀಗೇ ಆಗುವುದು. ಇದೂ ನಿಮ್ಮ ಲೆಕ್ಕಕ್ಕೇ. ಖಾಲಿ ಬಂದರೆ ಇವತ್ತೇ ಇಳಿಯಬೇಕು."

"ಅದು ನ್ಯಾಯ ಅಲ್ಲ," ಎಂದೆ.

"ನೀನು ಮಾತಾಡಬೇಡ. ಯಾರ ಸ್ವರದಲ್ಲೂ ಮಾತಾಡಬೇಡ."

ಚೆನ್ನಪ್ಪಣ್ಣ ಬಂಡೆಯಿಂದ ಇಳಿದು ಬಂದರು. ನನ್ನನ್ನು ಬೈಯಲಿಲ್ಲ. ದೋಣಿಯವರು ಯಾವ ಕಡೆ ಎಂದು ಕೇಳಿದರು. ಅದನ್ನು ಹೇಳುವುದೂ ಕೂಗಿದವರ ಕೆಲಸವೇ.

"ಎಲ್ಲಿ ಬೇಕಾದರೂ ಹಾಕಿ," ಎಂದರು. "ನನಗೆ ಎಂತದೂ ಕಾಣುವುದಿಲ್ಲ."

ದೋಣಿ ನೇರ ಮುಂದಕ್ಕೆ ಹೋಗಿ, ಹೆಚ್ಚು ದೂರ ಹೋಗುವ ಉತ್ಸಾಹವೂ ಇಲ್ಲದೆ, ತೆರೆ ಒಡೆಯುವ ಜಾಗಕ್ಕೆ ಹತ್ತಿರವೇ ಬಲೆ ಸುತ್ತಿ ಬಂತು. ನಾವು ಹಗ್ಗ ಹಿಡಿದೆವು. ಚೆನ್ನಪ್ಪಣ್ಣ ಬಂದು ನನ್ನ ಮುಂದೆ ನಿಂತು ಹಗ್ಗ ಹಿಡಿದರು. ಕೂಗುವವರು ಹಗ್ಗ ಎಳೆಯುವುದಿಲ್ಲ, ಅದು ಅವರ ಮರ್ಯಾದೆ.

"ಚೆನ್ನಪ್ಪಣ್ಣ, ಬಿಡಿ, ನಾನು ಎಳೆಯುತ್ತೇನೆ," ಎಂದೆ.

"ಇನ್ನು ಅಭ್ಯಾಸ ಆಗಬೇಕಲ್ಲ," ಎಂದರು ಹಿಂದೆ ತಿರುಗದೆ.

ಹಗ್ಗ ಭಾರವಾಗಿತ್ತು. ಮೊದಲು ಕಲ್ಲಿಗೆ ಸಿಕ್ಕಿರಬೇಕು ಎಂದುಕೊಂಡೆವು. ಸಿಕ್ಕಿದ್ದರೆ ಅಲುಗುತ್ತಿರಲಿಲ್ಲ, ಇದು ಅಲುಗುತ್ತಿತ್ತು, ಒಂದೊಂದೇ ಗೇಣು. ವಿಠಲ ಎಡಸಾಲಿನಿಂದ "ಭಾರ ಉಂಟು, ಭಾರ ಉಂಟು" ಎಂದ. ಜನ ಹಿಮ್ಮಡಿಯನ್ನು ಮರಳಿಗೆ ಹೂತು ಎಳೆದರು. ಹೆಂಗಸರು ಓಡಿ ಬಂದು ಸಾಲಿನ ತುದಿಗೆ ಸೇರಿದರು. ಬಲೆಯ ಹೊಟ್ಟೆ ತೆರೆಯೊಳಗಿಂದ ಎದ್ದು ಬಂದಾಗ ಅದರ ಒಳಗೆ ಬೆಳ್ಳಿ ಬೆಳ್ಳಿಯಾಗಿ ಹೊಳೆಯಿತು.

ಬಂಗುಡೆ. ಹಲವು ವರ್ಷಗಳಿಂದ ನಾವು ನೋಡದಷ್ಟು ಬಂಗುಡೆ.

ಯಾರೋ ಧನರಾಜನನ್ನು ತಬ್ಬಿಕೊಂಡರು. ವಿಠಲ ನನ್ನ ತಲೆಗೆ ಹೊಡೆದು, "ನಿನ್ನ ಗಂಟಲಿಗೆ ಬಂಗಾರ ಕಟ್ಟಿಸಬೇಕು" ಎಂದ. ನಾನೂ ಕುಣಿದೆ. ಸುಳ್ಳು ಯಾಕೆ, ಚೆನ್ನಾಗಿಯೇ ಕುಣಿದೆ. ಕುಣಿಯುತ್ತಿದ್ದಾಗಲೇ ಏನೋ ಒಂದು ಕಡಿಮೆ ಎನಿಸಿತು. ಏನೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಸದ್ದು ಇರಲಿಲ್ಲ.

ತುಂಬಿದ ಬಲೆ ಮರಳಿಗೆ ಬಂದಾಗ ಬಂಗುಡೆಗಳು ಬಡಿದುಕೊಳ್ಳುವ ಸದ್ದನ್ನು ಕೇಳಿದವರಿಗೇ ಗೊತ್ತು. ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬಿದ್ದ ಹಾಗೆ, ಪಕ್ಕದವರ ಮಾತು ಕೇಳಿಸದಷ್ಟು. ಆ ಸದ್ದನ್ನು ನಾನು ನಾಲಿಗೆ, ಕೆನ್ನೆ, ಎರಡು ಬೆರಳು ಸೇರಿಸಿ ಮೈಕಿನಲ್ಲಿ ಮಾಡುವುದುಂಟು. ಇಲ್ಲಿ ಸಾವಿರಾರು ಮೀನುಗಳು ಬಿದ್ದಿದ್ದವು, ಮಾಡಿ ತೋರಿಸಲಿಕ್ಕೆ ಏನೂ ಇರಲಿಲ್ಲ. ಬಾಯಿ ತೆರೆದಿದ್ದವು. ಕೆಲವು ಇನ್ನೂ ಕಿವಿರನ್ನು ಎತ್ತಿ ಇಳಿಸುತ್ತಿದ್ದವು, ನಿಧಾನವಾಗಿ, ಆಸ್ಪತ್ರೆಯಲ್ಲಿ ಕೊನೆಯ ಹಾಸಿಗೆಯಲ್ಲಿ ಮಲಗಿದವರ ಹಾಗೆ. ಕೆಂಪಾಗಿರಬೇಕಾದ ಕಿವಿರು ಚಹಾ ಸೋಸಿ ಉಳಿದ ಗಷ್ಟಿನ ಬಣ್ಣಕ್ಕೆ ತಿರುಗಿತ್ತು. ಬಲೆಯಿಂದ ಬಸಿದ ನೀರು ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತಿತ್ತು.

ಸೌಮ್ಯಶ್ರೀ ಹೇಳಿದ್ದನ್ನು ಕೇಳಿಸಿಕೊಂಡವನಿಗೆ ಉಳಿದದ್ದನ್ನು ಕೂಡಿಸುವುದು ಕಷ್ಟವಾಗಲಿಲ್ಲ. ಕೆಳಗಿನ ನೀರಿನಲ್ಲಿ ಉಸಿರು ಮುಗಿದಿತ್ತು. ಬಂಗುಡೆಗಳ ಹಿಂದಿನಿಂದ ಆ ಸತ್ತ ನೀರು ದಡದ ಕಡೆ ಸರಿಯುತ್ತ ಬಂದಿತ್ತು. ತೆರೆ ಒಡೆದು ಗಾಳಿ ಬೆರೆಯುವ ಕೊನೆಯ ಪಟ್ಟಿಯವರೆಗೆ ಅವು ಓಡಿ ಬಂದು, ಅಲ್ಲಿ ತಳ ಹಿಡಿದು ಏದುಸಿರು ಬಿಡುತ್ತಿದ್ದವು. ಹಾರಲು, ನೀರನ್ನು ನಯ ಮಾಡಲು, ಹಕ್ಕಿಗಳಿಗೆ ಕಾಣಿಸಿಕೊಳ್ಳಲು ತ್ರಾಣ ಇರಲಿಲ್ಲ. ಅವುಗಳ ಸುತ್ತ ನಾವು ಬಲೆ ಹಾಕಿದೆವು.

ಕುಣಿತ ತನ್ನಷ್ಟಕ್ಕೆ ನಿಂತಿತು. ಚೆನ್ನಪ್ಪಣ್ಣ ಹಗ್ಗ ಬಿಟ್ಟು, ಮೊಣಕಾಲೂರಿ, ಒಂದು ಬಂಗುಡೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹೋಗಿ ನೀರಿಗೆ ಬಿಟ್ಟರು. ಅದು ಬದಿ ಮಗುಚಿ ತೇಲಿತು. ಮುಂದಿನ ತೆರೆ ಅದನ್ನು ಅವರ ಪಾದಕ್ಕೆ ತಂದು ಹಾಕಿತು.

ಗುಣಪಾಲ ಬಂದ. ಕಾರ್ಕಳದ ಪೇಟೆಗೆ ನಮ್ಮ ಮೀನು ಒಯ್ಯುವವನು ಅವನೇ, ಮಂಜುಗಡ್ಡೆಯ ಟೆಂಪೋ ಸಮೇತ. ಸುದ್ದಿ ಕೇಳಿ ನಗುತ್ತ ಇಳಿದವನು ಒಂದು ಮೀನಿನ ಕಿವಿರು ಬಿಡಿಸಿ, ಮೂಗಿಗೆ ಹಿಡಿದು, ಮೆತ್ತಗೆ ಕೆಳಗಿಟ್ಟ.

"ಧನರಾಜಣ್ಣ, ಇದನ್ನು ನಾನು ಕಾರ್ಕಳದಲ್ಲಿ ಇಟ್ಟರೆ ಜನ ನನ್ನನ್ನು ಗೊಮ್ಮಟ ಬೆಟ್ಟದವರೆಗೆ ಅಟ್ಟಿಸಿಕೊಂಡು ಹೋಗ್ತಾರೆ."

"ಈಗ ಹಿಡಿದದ್ದು ಮಾರಾಯ. ನಿನ್ನ ಕಣ್ಣೆದುರೇ ಜೀವ ಉಂಟು."

"ಜೀವ ಉಂಟು," ಎಂದ ಗುಣಪಾಲ. "ಮೀನು ಇಲ್ಲ."

ರತ್ನಾವತಿಯಕ್ಕ ಒಂದನ್ನು ಕೊಯ್ದು ನೋಡಿದರು. ಒಳಗಿನಿಂದ ಬಂದ ವಾಸನೆಗೆ ಸೆರಗನ್ನು ಮೂಗಿಗೆ ಒತ್ತಿಕೊಂಡು ಎದ್ದರು. ಸುತ್ತ ಬುಟ್ಟಿ ಹಿಡಿದು ನಿಂತಿದ್ದ ಹೆಂಗಸರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತರು. ಟೆಂಪೋ ಖಾಲಿ ತಿರುಗಿತು. ಬಿಸಿಲು ಏರುತ್ತಿತ್ತು. ಅಷ್ಟು ಮೀನನ್ನು ಮರಳಿನಲ್ಲಿ ಬಿಟ್ಟರೆ ಊರಲ್ಲಿ ಯಾರೂ ಇರಲಿಕ್ಕೆ ಆಗುವುದಿಲ್ಲ. ಹೂಳುವುದಾದರೆ ಹೊಂಡ ತೋಡುವಷ್ಟರಲ್ಲಿ ಸಂಜೆಯಾಗುತ್ತದೆ.

ಧನರಾಜ್ ಫೋನ್ ತೆಗೆದು ಬದಿಗೆ ಹೋದ. ಯಾರಿಗೆ ಮಾಡುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ.

ಕಾರ್ಖಾನೆಯ ಲಾರಿ ತೆಂಕಿನಿಂದ ಬಂತು. ಚಾಲಕ ಒಳ್ಳೆಯ ಹುಡುಗ, ನನ್ನ ಕಬಡ್ಡಿ ಕಾಮೆಂಟರಿಯ ಅಭಿಮಾನಿ. "ನಮ್ಮಲ್ಲಿ ಎಂತದ್ದೂ ಆಗ್ತದೆ ಅಣ್ಣ, ವಾಸನೆ ಬಂದರೆ ಇನ್ನೂ ಒಳ್ಳೆಯದು, ಬೇಗ ಬೇಯ್ತದೆ" ಎಂದು ಧೈರ್ಯ ಹೇಳಿದ. ಬಂಗುಡೆಯನ್ನು ಕೈಯಲ್ಲಿ ಆರಿಸಿ ಬುಟ್ಟಿಗೆ ಹಾಕುವುದು ನಮ್ಮ ಪದ್ಧತಿ. ಅವರು ಸಲಿಕೆ ತಂದಿದ್ದರು. ಜಲ್ಲಿ ತುಂಬಿಸಿದ ಹಾಗೆ ಮೀನನ್ನು ಲಾರಿಗೆ ಎಸೆದರು. ಕೆಲವು ಇನ್ನೂ ಬಾಯಿ ಆಡಿಸುತ್ತಿದ್ದವು.

ಲಾರಿ ಹೊರಡುವಾಗ ಧನರಾಜ್ ಚೆನ್ನಪ್ಪಣ್ಣನ ಹತ್ತಿರ ಬಂದ. ಬೆಳಿಗ್ಗೆ ಆಡಿದ ಮಾತು ಅವನನ್ನು ಚುಚ್ಚುತ್ತಿತ್ತು ಎಂದು ಕಾಣುತ್ತದೆ. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಚೆನ್ನಪ್ಪಣ್ಣ, ಬಲೆ ಖಾಲಿ ಬರಲಿಲ್ಲ. ಬಂಡೆ ನಿಮ್ಮದೇ. ಇನ್ನು ಯಾರೂ ಎಂತದೂ ಹೇಳುವ ಹಾಗಿಲ್ಲ. ನಾಳೆಯಿಂದ ಧೈರ್ಯವಾಗಿ ಕೂಗಿ."

ಚೆನ್ನಪ್ಪಣ್ಣ ಲಾರಿಯ ಹಿಂದಿನಿಂದ ತೊಟ್ಟಿಕ್ಕುವ ನೀರನ್ನು ನೋಡುತ್ತಿದ್ದರು. ಅದು ರಸ್ತೆಯ ಮೇಲೆ ಎಣ್ಣೆಯ ಗೆರೆ ಎಳೆಯುತ್ತ ತೆಂಕಕ್ಕೆ ಹೋಯಿತು. ಅವರ ಭುಜ ಒಮ್ಮೆ ಕುಲುಕಿತು. ಅಳುತ್ತಿದ್ದಾರೆ ಎಂದು ನಾನು ಹತ್ತಿರ ಹೋದೆ, ನಗುತ್ತಿದ್ದರು.

"ಯಾವುದಕ್ಕೆ ಕೂಗುವುದು ಧನರಾಜ?" ಎಂದರು. "ಇವನ್ನೇ ಅಲ್ವಾ ಅವರು ಇವತ್ತು ಬೇಯಿಸುವುದು? ನಾಳೆ ಇವೇ ಪೈಪಿನಲ್ಲಿ ಬರ್ತವೆ. ಹಕ್ಕಿ ಬರ್ತದೆ. ನೀರು ನಯ ಆಗ್ತದೆ. ನಾನು ಎದ್ದು ನಿಂತು ಕೂಗಬೇಕು, ನೀನು ಗಂಜಿ ಬಿಟ್ಟು ಓಡಿ ಬರಬೇಕು. ಒಂದೇ ಬಂಗುಡೆಯನ್ನು ಎರಡು ಸಲ ಹಿಡಿಯುವ ಫಂಡು ಈ ಕರಾವಳಿಯಲ್ಲಿ ಬೇರೆ ಎಲ್ಲಿ ಉಂಟು ಹೇಳು."

ವಿಠಲನ ಬಾಯಿಂದ ಫಕ್ಕನೆ ನಗು ಬಂತು. ಅವನು ಅದನ್ನು ನುಂಗಲು ನೋಡಿದ.

"ನಗು ಮಾರಾಯ, ನಗು. ನಾನು ಕಣ್ಣು ಬಿಟ್ಟು ನೋಡಿ ಕೂಗಿದಾಗ ಕೊಳಕು ಬಂತು. ಇವನು ದೋಣಿಯ ಹಿಂದೆ ಕೂತು, ಕಡಲಿಗೆ ಅಂಡು ತಿರುಗಿಸಿ ಕೂಗಿದ, ಬಲೆ ತುಂಬ ಬಂತು. ಈ ಕೆಲಸಕ್ಕೆ ಕಣ್ಣು ಎಂತಕ್ಕೆ? ಗಂಟಲು ಸಾಕು. ಬಂಡೆಯ ಮೇಲೆ ಲಕ್ಷಿತನನ್ನೇ ಕೂರಿಸಿ. ನನ್ನ ಹಾಗೆಯೇ ಕೂಗ್ತಾನೆ, ಸಂಶಯವೇ ಇಲ್ಲ. ನಾನೇ ಒಂದು ಗಳಿಗೆ ನಾನು ಕೂಗಿದ್ದು ಅಂತ ತಿಳಿದುಕೊಂಡೆ." ಅವರು ನನ್ನ ಭುಜದ ಮೇಲೆ ಕೈ ಹಾಕಿದರು. ಮೀನಿನ ಜಿಡ್ಡು ನನ್ನ ಅಂಗಿಗೆ ಹತ್ತಿತು. "ಹಾಕು ಮಗ, ಇನ್ನೊಂದು ಸಲ. ಆ ಒಡಕು ಬರಲಿ. ನಾನೂ ಕೆಳಗೆ ನಿಂತು ಕೇಳ್ತೇನೆ."

ನಾನು ಅಂಗೈ ಎತ್ತಿದೆ. ಬಾಯಿಯವರೆಗೆ ತಂದೆ. ಸ್ವರ ಬರಲಿಲ್ಲ. ಎರಡನೆಯ ಸಲ ಪ್ರಯತ್ನಿಸಿದಾಗ ಕೋಳಿಮರಿ ತುಳಿದಂಥ ಒಂದು ಸದ್ದು ಹೊರಟಿತು. ಅಷ್ಟು ಸಾಕಾಯಿತು. ವಿಠಲ ಹೊಟ್ಟೆ ಹಿಡಿದುಕೊಂಡ. ಬುಟ್ಟಿಯ ಮೇಲೆ ಕೂತಿದ್ದ ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕರು. ಧನರಾಜ್ ಕೂಡ, ತಲೆ ತಗ್ಗಿಸಿ, ಬೇಡ ಬೇಡ ಎನ್ನುತ್ತ ನಕ್ಕ. ರತ್ನಾವತಿಯಕ್ಕ ಮಾತ್ರ ನಗದೆ ಗಂಡನನ್ನು ನೋಡುತ್ತಿದ್ದರು.

ಚೆನ್ನಪ್ಪಣ್ಣ ಒದ್ದೆ ಮರಳಿನ ಮೇಲೆ ಕಾಲು ಚಾಚಿ ಕೂತುಬಿಟ್ಟಿದ್ದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಕೆಮ್ಮು ಬರುತ್ತಿತ್ತು. ಕೆಮ್ಮಿನ ನಡುವೆ ಮತ್ತೆ ನಗು ಎದ್ದು ಬರುತ್ತಿತ್ತು. ಉಳಿದವರೆಲ್ಲ ನಕ್ಕು ಮುಗಿಸಿ, ಬಾಯಿ ಒರೆಸಿಕೊಂಡು, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತ ಮೇಲೂ ಅವರು ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ, ಓಣಿಯಲ್ಲಿದ್ದವರು ಕೂಗು ಬಿತ್ತೆಂದು ಮತ್ತೆ ಬಾಗಿಲಿಗೆ ಬರುವಷ್ಟು ಜೋರಾಗಿ.